ಊರ ಪರವೂರ ದಾನಿಗಳಿಂದ ಸಿಎಸ್‌ಆರ್‌ವರೆಗೆ: ಕರಾವಳಿಯ ಸೇವಾಸಂಸ್ಥೆಗಳು ಅನುದಾನದಲ್ಲಿ ಎಡವುವುದು ಎಲ್ಲಿ?

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. 1961ರ ಕಾಯ್ದೆ ಹಿಂದೆ ಸರಿದಿದೆ. ಅದರ ಹಿಂದಿನ ದಿನ, ಮಾರ್ಚ್ 31ಕ್ಕೆ, ಐದು ವರ್ಷಗಳ ಹಿಂದೆ ಮರುನೋಂದಣಿ ಮಾಡಿಸಿಕೊಂಡಿದ್ದ ಹಳೆಯ ಸೇವಾಸಂಸ್ಥೆಗಳ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ) ಮಾನ್ಯತೆಯ ಅವಧಿಯೂ ಮುಗಿಯಿತು. ಎರಡು ಬದಲಾವಣೆಗಳು ಒಂದೇ ಹೊಸ್ತಿಲಲ್ಲಿ ಎದುರಾದ ಕಾರಣ ಸುರತ್ಕಲ್‌ನಿಂದ ಕುಂದಾಪುರದವರೆಗಿನ ಟ್ರಸ್ಟು, ಸಂಘ, ಪ್ರತಿಷ್ಠಾನಗಳ ಪದಾಧಿಕಾರಿಗಳಲ್ಲಿ ಪ್ರಶ್ನೆಗಳು ಎದ್ದಿವೆ. ನಮ್ಮ ನೋಂದಣಿ ಉಳಿದಿದೆಯೇ? ಹೊಸ ಕಾಯ್ದೆ ಬಂದ ಮೇಲೆ ಎಲ್ಲವನ್ನೂ ಮತ್ತೆ ಮಾಡಿಸಬೇಕೇ? ಕಂಪನಿಯಿಂದ ಬರಬೇಕಾದ ಅನುದಾನ ನಿಂತುಹೋಗುತ್ತದೆಯೇ?

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸರಳವಾಗಿದೆ. ಹಳೆಯ ಕಾಯ್ದೆಯಡಿ ಪಡೆದ, ಅವಧಿ ಇನ್ನೂ ಉಳಿದಿರುವ ನೋಂದಣಿ ಹೊಸ ಕಾಯ್ದೆಯಡಿಯೂ ಮುಂದುವರಿಯುತ್ತದೆ. ಕಾಯ್ದೆ ಬದಲಾಯಿತೆಂಬ ಒಂದೇ ಕಾರಣಕ್ಕೆ ಯಾರ ನೋಂದಣಿಯೂ ಬಿದ್ದುಹೋಗುವುದಿಲ್ಲ. ಆದರೆ ಅವಧಿ ಮುಗಿಯುವ ಆರು ತಿಂಗಳ ಮೊದಲೇ, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ, ನವೀಕರಣದ ಅರ್ಜಿ ಹಾಕಬೇಕಿತ್ತು. ಹಾಕದವರ ಪರಿಸ್ಥಿತಿ ಬೇರೆ. ಅದನ್ನು ಕೊನೆಯಲ್ಲಿ ನೋಡೋಣ. ಮೂರನೆಯ ಪ್ರಶ್ನೆ ಇವೆರಡಕ್ಕಿಂತ ದೊಡ್ಡದು. ಅನುದಾನ ನಿಲ್ಲುವುದಕ್ಕೆ ಕಾಯ್ದೆಯ ಹೆಸರು ಬದಲಾದದ್ದು ಕಾರಣವಾಗುವುದಿಲ್ಲ. ಹಣ ಕೊಡುವವರು ಸಂಸ್ಥೆಯನ್ನು ನಂಬುವ ರೀತಿಯೇ ಹನ್ನೆರಡು ವರ್ಷಗಳಲ್ಲಿ ಬದಲಾಗಿದೆ, ಆ ಬದಲಾವಣೆಯ ಖರ್ಚನ್ನು ಭರಿಸಲು ಮಾತ್ರ ಯಾರೂ ಮುಂದೆ ಬಂದಿಲ್ಲ.

ಮುಖಪರಿಚಯದ ಕಾಲ

ಅವಿಭಜಿತ ದಕ್ಷಿಣ ಕನ್ನಡದಲ್ಲಿ ಸಾರ್ವಜನಿಕ ಕೆಲಸಕ್ಕೆ ಹಣ ಕೂಡಿಸುವುದು ಹೊಸ ವಿದ್ಯೆಯಲ್ಲ. ಬ್ರಹ್ಮಕಲಶೋತ್ಸವಕ್ಕೆ ಹೊರೆಕಾಣಿಕೆ ಹರಿದುಬರುವಂತೆಯೇ ಶಾಲೆಯ ಕಟ್ಟಡಕ್ಕೆ, ಬಡ ವಿದ್ಯಾರ್ಥಿಯ ಶುಲ್ಕಕ್ಕೆ, ರೋಗಿಯ ಚಿಕಿತ್ಸೆಗೆ ಇಲ್ಲಿ ಹಣ ಕೂಡಿದೆ. ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ ಅಚ್ಚಾಗುವ ‘ಊರ ಪರವೂರ ದಾನಿಗಳು’ ಎಂಬ ಮಾತಿನೊಳಗೆ ಮುಂಬಯಿಯ ಹೋಟೆಲು, ಬೆಂಗಳೂರಿನ ಕಚೇರಿ, ಕೊಲ್ಲಿ ರಾಷ್ಟ್ರಗಳ ದುಡಿಮೆ ಎಲ್ಲವೂ ಅಡಗಿವೆ. ಸಮಿತಿಯ ಸದಸ್ಯರಿಗೆ ರಸೀದಿ ಪುಸ್ತಕ ಹಂಚಿದರೆ ಸಾಕಿತ್ತು. ಕೊಡುವವರಿಗೆ ಕೇಳುವವರ ಮನೆತನ ಗೊತ್ತಿತ್ತು, ಕೇಳುವವರಿಗೆ ಕೊಡುವವರ ಮುಖ ನೋಡಿಕೊಂಡೇ ಊರಲ್ಲಿ ಬದುಕಬೇಕಿತ್ತು. ಲೆಕ್ಕಪತ್ರಕ್ಕಿಂತ ಗಟ್ಟಿಯಾದ ಜಾಮೀನು ಅದಾಗಿತ್ತು.

ಬ್ಯಾಂಕುಗಳ ಕಥೆಯೂ ಇದೇ ನೆಲದ್ದು. ಕೆನರಾ ಬ್ಯಾಂಕು ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ 1906ರಲ್ಲಿ ಹುಟ್ಟಿದವು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಬಂದವು. ಮನೆಬಾಗಿಲಿಗೆ ಹೋಗಿ ದಿನದ ಚಿಲ್ಲರೆ ಸಂಗ್ರಹಿಸುವ ಪಿಗ್ಮಿ ಠೇವಣಿ ಸಿಂಡಿಕೇಟ್ ಬ್ಯಾಂಕಿನ ಕೊಡುಗೆ. ಗ್ರಾಮೀಣ ಯುವಕರಿಗೆ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದದ್ದು ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಮತ್ತು ಧರ್ಮಸ್ಥಳದ ಟ್ರಸ್ಟು ಕೈಜೋಡಿಸಿದ್ದರಿಂದ. ಮುಂದೆ ಅದೇ ಮಾದರಿ ದೇಶದಾದ್ಯಂತ ಹರಡಿತು. ಹಣ, ತೀರ್ಮಾನ, ಫಲಾನುಭವಿ ಮೂರೂ ಒಂದೇ ಸೀಮೆಯಲ್ಲಿದ್ದಾಗ ಏನಾಗಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಭಾವನೆಯ ನಷ್ಟವನ್ನು ಕುರಿತು ಬಹಳ ಬರೆದಾಗಿದೆ. ಸೇವಾಸಂಸ್ಥೆಗಳಿಗಾದ ನಷ್ಟ ಇನ್ನೊಂದು ಬಗೆಯದು. ಮಂಗಳೂರಿನಲ್ಲಿ ಕೂತು ಸಹಿ ಮಾಡುತ್ತಿದ್ದವರ ಜಾಗಕ್ಕೆ ಮುಂಬಯಿಯಲ್ಲಿ ಕೂತವರು ಬಂದರು. ಅವರಿಗೆ ನಿಮ್ಮ ಶಾಲೆಯ ಹೆಸರು ಒಂದು ಕಡತದ ಸಂಖ್ಯೆ ಮಾತ್ರ.

ಕಾನೂನು ತಂದ ಹಣ, ಹಣದ ಜೊತೆ ಬಂದ ಕಾಗದ

ಇದೇ ಅವಧಿಯಲ್ಲಿ ಹೊಸದೊಂದು ಮೂಲ ತೆರೆಯಿತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿಯ ನಿವ್ವಳ ಮೌಲ್ಯ, 1,000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ಕುತ್ತೆತ್ತೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್, ಮಂಗಳೂರಿನಲ್ಲೇ ಕೇಂದ್ರ ಕಚೇರಿ ಉಳಿಸಿಕೊಂಡಿರುವ ಕರ್ಣಾಟಕ ಬ್ಯಾಂಕು ಮುಂತಾದವು ಈ ಕಾಯ್ದೆಯ ವ್ಯಾಪ್ತಿಗೆ ಬರುವ ಕಂಪನಿಗಳು. ತಾನಿರುವ ಸ್ಥಳೀಯ ಪ್ರದೇಶಕ್ಕೆ ಕಂಪನಿ ಆದ್ಯತೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಅದು ಮಾರ್ಗಸೂಚಿಯ ಸ್ವರೂಪದ್ದು, ಕಡ್ಡಾಯವಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯವೇ 2021ರಲ್ಲಿ ಸ್ಪಷ್ಟಪಡಿಸಿತು.

ಇಲ್ಲಿ ಗಮನಿಸಬೇಕಾದದ್ದು ಸರಾಸರಿ ಲಾಭ ಎಂಬ ಮಾತು. ಎಂಆರ್‌ಪಿಎಲ್ 2019-20 ಮತ್ತು 2020-21ರಲ್ಲಿ ನಷ್ಟ ಅನುಭವಿಸಿತು. ಒಂದು ವರ್ಷದ ನಷ್ಟ ಮುಂದಿನ ಮೂರು ವರ್ಷಗಳ ಸರಾಸರಿಯನ್ನು ಕೆಳಗೆಳೆಯುತ್ತದೆ. ಅಂದರೆ ಜಾಗತಿಕ ತೈಲ ಮಾರುಕಟ್ಟೆಯ ಏರುಪೇರು ಒಂದೆರಡು ವರ್ಷ ತಡವಾಗಿ ಸಂಸ್ಕರಣಾಗಾರದ ಸುತ್ತಲಿನ ಊರಿನ ಶಾಲೆಯ ಬಾಗಿಲು ತಟ್ಟುತ್ತದೆ. ಒಂದೇ ಕಂಪನಿಯನ್ನು ನೆಚ್ಚಿ ಶಿಕ್ಷಕರನ್ನು ನೇಮಿಸಿಕೊಂಡ ಸಂಸ್ಥೆಗೆ ಇದು ಮೊದಲೇ ತಿಳಿದಿರಬೇಕು.

2021ರಲ್ಲಿ ನಿಯಮಗಳು ಬಿಗಿಯಾದವು. ಆ ವರ್ಷದ ಏಪ್ರಿಲ್ 1ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿ ಸಂಖ್ಯೆ ಪಡೆದ ಸಂಸ್ಥೆಯ ಮೂಲಕವೇ ಕಂಪನಿ ಕೆಲಸ ಮಾಡಿಸಬೇಕಾಯಿತು. ಕಂಪನಿ ತಾನೇ ಕಟ್ಟಿಕೊಂಡದ್ದಲ್ಲದ ಟ್ರಸ್ಟು ಅಥವಾ ಸಂಘಕ್ಕೆ ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಇರಬೇಕು. 12ಎ ಮತ್ತು 80ಜಿ ಎರಡೂ ಇರಬೇಕು. ಹಣ ಯಾವ ಉದ್ದೇಶಕ್ಕೆ ಮಂಜೂರಾಯಿತೋ ಅದಕ್ಕೇ ಖರ್ಚಾಗಿದೆ ಎಂದು ಕಂಪನಿಯ ಮುಖ್ಯ ಹಣಕಾಸು ಅಧಿಕಾರಿ ಪ್ರಮಾಣೀಕರಿಸಬೇಕು. ಖರ್ಚಾಗದೆ ಉಳಿದ ಹಣವನ್ನು ಕಾಯ್ದೆ ಹೇಳಿದ ಖಾತೆಗೆ ಅಥವಾ ನಿಧಿಗೆ ವರ್ಗಾಯಿಸದಿದ್ದರೆ ಕಂಪನಿಗೆ ದಂಡ ಬೀಳುತ್ತದೆ. ಆ ಮೊತ್ತದ ಎರಡು ಪಟ್ಟು ಅಥವಾ 1 ಕೋಟಿ, ಎರಡರಲ್ಲಿ ಕಡಿಮೆಯಾದದ್ದು ದಂಡದ ಪ್ರಮಾಣ.

ಈ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ನೋಡಿದರೆ ಅನೇಕ ಸಂಸ್ಥೆಗಳ ದೂರು ಅರ್ಥವಾಗುತ್ತದೆ. ‘ಒಂದು ಆಟೋ ಬಾಡಿಗೆಗೂ ಬಿಲ್ಲು ಕೇಳುತ್ತಾರೆ’ ಎಂಬ ಬೇಸರ ನ್ಯಾಯವಾದದ್ದೇ. ಆದರೆ ಕೇಳುತ್ತಿರುವ ಕಿರಿಯ ಅಧಿಕಾರಿಗೆ ನಿಮ್ಮ ಮೇಲೆ ಅನುಮಾನ ಇರಬೇಕಾಗಿಲ್ಲ. ಎಲ್ಲೋ ದೂರದಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿ ಸಹಿ ಹಾಕಬೇಕಾಗಿದೆ. ಅವರು ಕಾಪುವನ್ನು ನೋಡಿಲ್ಲ, ನಿಮ್ಮ ಸಂಸ್ಥೆಯ ಸ್ಥಾಪಕರನ್ನು ಕಂಡಿಲ್ಲ. ಅವರ ಪಾಲಿಗೆ ಆ ಬಿಲ್ಲೇ ನಿಮ್ಮ ಮುಖ.

80ಜಿಯ ಬದಲಾದ ಪಾತ್ರ

ಒಂದು ಕಾಲದಲ್ಲಿ 80ಜಿ ದಾನಿಯನ್ನು ಆಕರ್ಷಿಸುವ ಸಾಧನವಾಗಿತ್ತು. ಕೊಟ್ಟದ್ದರಲ್ಲಿ ಅರ್ಧಕ್ಕೆ ತೆರಿಗೆ ಉಳಿಯುತ್ತದೆ ಎಂದು ಹೇಳಿ ಕೇಳಬಹುದಿತ್ತು. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಆಯ್ಕೆಯಾಯಿತು, ಅದರಲ್ಲಿ 80ಜಿ ವಿನಾಯಿತಿ ಸಿಗುವುದಿಲ್ಲ. 2025-26ರಿಂದ ಆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಮಧ್ಯಮ ವರ್ಗದ ವೇತನದಾರನಿಗೆ ರಸೀದಿಯ ತೆರಿಗೆ ಬೆಲೆ ಬಹುಮಟ್ಟಿಗೆ ಕರಗಿಹೋಯಿತು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕಂತೂ ಹಳೆಯ ಪದ್ಧತಿಯಲ್ಲೂ ವಿನಾಯಿತಿ ಇಲ್ಲ.

ಹಾಗೆಂದು 80ಜಿಯನ್ನು ಕೈಬಿಡುವಂತಿಲ್ಲ. ಸಿಎಸ್‌ಆರ್ ಸಂಖ್ಯೆಗೆ ಅದೇ ಕೀಲಿಕೈ. ಅದನ್ನು ಇಟ್ಟುಕೊಂಡರೆ ಪ್ರತಿ ವರ್ಷ ಮೇ 31ರೊಳಗೆ ದಾನಿಗಳ ವಿವರಪಟ್ಟಿ ಸಲ್ಲಿಸಬೇಕು. ತಡವಾದ ಪ್ರತಿ ದಿನಕ್ಕೆ 200 ರೂಪಾಯಿ ಶುಲ್ಕದ ವ್ಯವಸ್ಥೆ ಇದರ ಜೊತೆಗೇ ಬಂತು. ಪಟ್ಟಿಗೆ ದಾನಿಯ ಪ್ಯಾನ್ ಮುಂತಾದ ಗುರುತು ಬೇಕು. ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವ ಪದ್ಧತಿಗೂ ಈ ಪಟ್ಟಿಗೂ ಹೊಂದಿಕೆಯೇ ಇಲ್ಲ. ಹೆಸರು, ವಿಳಾಸದ ದಾಖಲೆ ಇಲ್ಲದ ದಾನ ಮಿತಿ ಮೀರಿದರೆ ಅನಾಮಧೇಯ ದಾನವೆಂದು ಪರಿಗಣಿತವಾಗಿ ಶೇ 30ರ ತೆರಿಗೆಗೆ ಒಳಗಾಗಬಹುದು.

ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಎಷ್ಟೋ ಟ್ರಸ್ಟುಗಳ ಉದ್ದೇಶಪಟ್ಟಿಯಲ್ಲಿ ದೇವಸ್ಥಾನದ ಜೀರ್ಣೋದ್ಧಾರ, ದೈವದ ನೇಮ, ಸಮಾಜಬಾಂಧವರ ವಿದ್ಯಾರ್ಥಿವೇತನ, ವೈದ್ಯಕೀಯ ಶಿಬಿರ ಒಟ್ಟೊಟ್ಟಿಗೆ ಇರುತ್ತವೆ. ಊರಿನ ಬದುಕಿನಲ್ಲಿ ಇವು ಬೇರೆಬೇರೆ ಅಲ್ಲ, ಆದರೆ ತೆರಿಗೆ ಕಾನೂನಿನಲ್ಲಿ ಬೇರೆ. 80ಜಿ ಪಡೆದ ಸಂಸ್ಥೆ ತನ್ನ ಆದಾಯದ ಶೇ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಖರ್ಚು ಮಾಡುವಂತಿಲ್ಲ. ಒಂದು ನಿರ್ದಿಷ್ಟ ಧರ್ಮ ಅಥವಾ ಜಾತಿಗೆ ಮೀಸಲಾದ ಸೇವೆಗೂ ತೊಡಕುಗಳಿವೆ. ಪರಿಶಿಷ್ಟರು, ಹಿಂದುಳಿದ ವರ್ಗಗಳು, ಮಹಿಳೆಯರು ಮತ್ತು ಮಕ್ಕಳಿಗೆ ಮಾತ್ರ ಅಪವಾದ. ಎರಡೂ ಬಗೆಯ ಕೆಲಸ ಮಾಡಬೇಕೆನ್ನುವವರು ಎರಡು ಟ್ರಸ್ಟುಗಳನ್ನು ಇಟ್ಟುಕೊಳ್ಳುವುದು ಕ್ಷೇಮ.

ಲೆಕ್ಕ ಬರೆಯುವವರ ಸಂಬಳ ಯಾರ ತಲೆಗೆ?

ಇಡೀ ವಿವಾದದ ನಡುಮಧ್ಯದಲ್ಲಿರುವ ಪ್ರಶ್ನೆ ಇದು. ಇದರ ಬಗ್ಗೆಯೇ ಅತಿ ಕಡಿಮೆ ಮಾತು ನಡೆದಿದೆ.

ಕಾರ್ಕಳದ ಕಡೆ ವಿಶೇಷ ಮಕ್ಕಳಿಗಾಗಿ ಹಗಲು ಆರೈಕೆ ಕೇಂದ್ರವೊಂದಿದೆ ಎಂದು ಭಾವಿಸೋಣ. ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಇಬ್ಬರು ಶಿಕ್ಷಕಿಯರಿಗೆ ವರ್ಷಕ್ಕೆ 6 ಲಕ್ಷ, ಮಕ್ಕಳನ್ನು ಕರೆತರುವ ವಾಹನಕ್ಕೆ 2.4 ಲಕ್ಷ, ಊಟ ಮತ್ತು ಸಾಮಗ್ರಿಗೆ 1.6 ಲಕ್ಷ, ಒಟ್ಟು 10 ಲಕ್ಷ. ಇದಲ್ಲದೆ ಅರೆಕಾಲಿಕ ಲೆಕ್ಕಿಗರಿಗೆ 1.2 ಲಕ್ಷ, ಬಾಡಿಗೆ ಮತ್ತು ವಿದ್ಯುತ್ತಿಗೆ 60 ಸಾವಿರ, ಲೆಕ್ಕಪರಿಶೋಧನೆಗೆ 30 ಸಾವಿರ, ವರದಿ ಮತ್ತು ಓಡಾಟಕ್ಕೆ 30 ಸಾವಿರ, ಒಟ್ಟು 2.4 ಲಕ್ಷ. ಕೇಂದ್ರದ ನಿಜವಾದ ಖರ್ಚು 12.4 ಲಕ್ಷ. ದಾನಿ ಕಂಪನಿ 10 ಲಕ್ಷದ ಕೆಲಸಕ್ಕೆ ಆಡಳಿತ ವೆಚ್ಚವಾಗಿ ಶೇ 5, ಅಂದರೆ 50 ಸಾವಿರ ಮಾತ್ರ ಕೊಡುತ್ತೇನೆ ಎನ್ನುತ್ತದೆ. ಕೊರತೆ 1.9 ಲಕ್ಷ. ಮೂರು ವರ್ಷದ ಯೋಜನೆಯಾದರೆ 5.7 ಲಕ್ಷ. ‘ದೊಡ್ಡ ಅನುದಾನ ಸಿಕ್ಕಿತು’ ಎಂದು ಸಂಭ್ರಮಿಸಿದ ಸಂಸ್ಥೆ ಮೂರು ವರ್ಷದ ಬಳಿಕ ಮೊದಲಿಗಿಂತ ಬಡವಾಗಿರುತ್ತದೆ. ಕೊರತೆ ತುಂಬುವುದು ಶಿಕ್ಷಕಿಯ ವೇತನ ಏರಿಕೆಯನ್ನು ಮುಂದೂಡಿ ಅಥವಾ ಲೆಕ್ಕಿಗರನ್ನು ಬಿಟ್ಟು. ಲೆಕ್ಕಿಗರನ್ನು ಬಿಟ್ಟರೆ ವರದಿ ತಡವಾಗುತ್ತದೆ, ವರದಿ ತಡವಾದರೆ ಮುಂದಿನ ಕಂತು ನಿಲ್ಲುತ್ತದೆ.

ಈ ಶೇ 5 ಎಲ್ಲಿಂದ ಬಂತು? ಕಂಪನಿಯ ಆಡಳಿತ ವೆಚ್ಚ ಅದರ ಒಟ್ಟು ಸಿಎಸ್‌ಆರ್ ಖರ್ಚಿನ ಶೇ 5ನ್ನು ಮೀರಬಾರದು ಎಂದು ನಿಯಮ ಹೇಳುತ್ತದೆ. ಸಿಎಸ್‌ಆರ್ ಕೆಲಸಕ್ಕಾಗಿ ಕಂಪನಿಯು ತನ್ನೊಳಗೆ ಮಾಡುವ ಸಾಮಾನ್ಯ ನಿರ್ವಹಣಾ ಖರ್ಚೇ ಆಡಳಿತ ವೆಚ್ಚ ಎಂದು ಅದೇ ನಿಯಮ ವ್ಯಾಖ್ಯಾನಿಸುತ್ತದೆ. ನಿರ್ದಿಷ್ಟ ಯೋಜನೆಯೊಂದರ ರೂಪಣೆ, ಅನುಷ್ಠಾನ, ಉಸ್ತುವಾರಿ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚನ್ನು ಅದು ಹೊರಗಿಡುತ್ತದೆ. ಅಂದರೆ ಮಿತಿ ಇರುವುದು ಕಂಪನಿಯ ಕಚೇರಿಗೆ. ಅದನ್ನೇ ಸಂಸ್ಥೆಯ ಮೇಲೂ ಹೇರುವುದು ರೂಢಿ ಮಾತ್ರ, ಕಾನೂನಲ್ಲ. ಸಂಸ್ಥೆಗಳು ಇದನ್ನು ತಿಳಿದು ಮಾತುಕತೆಗೆ ಕೂರಬೇಕು.

ಕೂರುವ ರೀತಿಯೂ ಮುಖ್ಯ. ‘ಆಡಳಿತ ವೆಚ್ಚ 2.4 ಲಕ್ಷ’ ಎಂದು ಒಂದೇ ಸಾಲಿನಲ್ಲಿ ಬರೆದರೆ ಯಾರೂ ಒಪ್ಪುವುದಿಲ್ಲ. ಬಾಡಿಗೆ ಯಾವ ಕಟ್ಟಡಕ್ಕೆ? ಮಕ್ಕಳು ಕೂರುವ ಕಟ್ಟಡಕ್ಕಾದರೆ ಅದು ನೇರ ಖರ್ಚು. ಲೆಕ್ಕಿಗರ ಸಮಯದಲ್ಲಿ ಎಷ್ಟು ಪಾಲು ಈ ಯೋಜನೆಗೆ? ಅದನ್ನು ಸಮಯದ ದಾಖಲೆಯೊಂದಿಗೆ ಹಂಚಿ ತೋರಿಸಬೇಕು. ಮಕ್ಕಳ ಪ್ರಗತಿಯನ್ನು ದಾಖಲಿಸುವ ಕೆಲಸ ಉಸ್ತುವಾರಿಗೆ ಸೇರುತ್ತದೆ. ಇಷ್ಟು ಬಿಡಿಸಿದ ಮೇಲೂ ಉಳಿಯುವ ನಿಜವಾದ ಆಡಳಿತ ವೆಚ್ಚ ಸಣ್ಣದಾಗಿರುತ್ತದೆ, ಅದನ್ನು ಧೈರ್ಯವಾಗಿ ಕೇಳಬಹುದು.

ಮೂರು ಕಡೆಯ ವಾದ

ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ತೆರಿಗೆ ವಿನಾಯಿತಿ ಎಂದರೆ ಖಜಾನೆಗೆ ಬರಬೇಕಾದದ್ದನ್ನು ಬಿಟ್ಟುಕೊಟ್ಟಂತೆ. ಕಾಗದದ ಮೇಲಷ್ಟೇ ಬದುಕಿರುವ ಟ್ರಸ್ಟುಗಳು, ಚೆಕ್ ಪಡೆದು ನಗದು ಮರಳಿಸುವ ದಂಧೆಗಳು ಇದ್ದದ್ದು ಸುಳ್ಳಲ್ಲ. ಕಾಲಕಾಲಕ್ಕೆ ಮರುಪರಿಶೀಲನೆ ನಡೆದರೆ ಪ್ರಾಮಾಣಿಕರಿಗೇ ಲಾಭ ಎಂಬುದು ಅದರ ನಿಲುವು. ಕಂಪನಿಗಳು ಹೇಳುವುದು ಬೇರೆ. ತಪ್ಪಾದರೆ ಹೊಣೆ ನಮ್ಮ ಮಂಡಳಿಯದು, ನೂರು ಸಣ್ಣ ಸಂಸ್ಥೆಗಳ ನೂರು ಲೆಕ್ಕ ಪರಿಶೀಲಿಸುವ ಬದಲು ಒಂದು ದೊಡ್ಡ ಸಂಸ್ಥೆಗೆ ಕೊಡುವುದು ಸುರಕ್ಷಿತ ಎನ್ನುತ್ತಾರೆ. ಸೇವಾಸಂಸ್ಥೆಗಳ ಅಳಲು, ನಿಯಮಗಳು ಕೋಟಿಗಟ್ಟಲೆ ನಡೆಸುವವರಿಗೂ ಲಕ್ಷದಲ್ಲಿ ನಡೆಸುವವರಿಗೂ ಒಂದೇ ಆಗಿವೆ ಎಂಬುದು.

ಸಣ್ಣವರಿಗೆ ಸ್ವಲ್ಪ ಸಡಿಲಿಕೆ ಬಂದಿದೆ ನಿಜ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಪ್ರತಿ ವರ್ಷವೂ 5 ಕೋಟಿ ಮೀರದ ಆದಾಯವಿದ್ದ ಸಂಸ್ಥೆಗೆ 2025ರ ಏಪ್ರಿಲ್ ನಂತರದ ಅರ್ಜಿಯಲ್ಲಿ ಐದರ ಬದಲು ಹತ್ತು ವರ್ಷದ ನೋಂದಣಿ ಸಿಗುವಂತೆ 2025ರ ಹಣಕಾಸು ಕಾಯ್ದೆ ಮಾಡಿತು. ಆದರೆ ಅದು ಹಿಗ್ಗಿಸಿದ್ದು 12ಎ ಅವಧಿಯನ್ನು ಮಾತ್ರ. 80ಜಿ ಐದು ವರ್ಷದ್ದೇ ಆಗಿ ಉಳಿಯಿತು. ಒಂದೇ ಸಂಸ್ಥೆಯ ಎರಡು ಮಾನ್ಯತೆಗಳು ಎರಡು ಬೇರೆ ವರ್ಷಗಳಲ್ಲಿ ಮುಗಿಯುವ ಈ ವ್ಯವಸ್ಥೆ ಮುಂದಿನ ಗೊಂದಲಕ್ಕೆ ಈಗಲೇ ಬೀಜ ಬಿತ್ತಿದೆ.

ನನ್ನ ಅಭಿಪ್ರಾಯದಲ್ಲಿ ಸಂಸ್ಥೆಗಳ ಅಳಲಿಗೆ ಹೆಚ್ಚು ತೂಕವಿದೆ. ಲೆಕ್ಕ ಕೇಳುವುದು ಸರಿ. ಲೆಕ್ಕ ಇಡುವುದಕ್ಕೆ ಬೇಕಾದ ಹಣವನ್ನು ‘ಅನಾವಶ್ಯಕ ಖರ್ಚು’ ಎಂದು ಹೊಡೆದುಹಾಕಿ, ಮತ್ತೆ ಲೆಕ್ಕ ಸರಿಯಿಲ್ಲ ಎಂದು ಬಾಗಿಲು ಮುಚ್ಚುವುದು ಅನ್ಯಾಯ.

ಮಾರ್ಚ್‌ನ ಹಣ, ಜೂನ್‌ನ ಮಳೆ

ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಗುರಿ ಮುಟ್ಟುವ ಒತ್ತಡದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹಣ ಬಿಡುಗಡೆಯಾಗುವುದು ಸಾಮಾನ್ಯ. ಕರಾವಳಿಯ ವರ್ಷದ ಲಯವೇ ಬೇರೆ. ಜೂನ್‌ನಲ್ಲಿ ಶಾಲೆ ಶುರು, ಅದೇ ಹೊತ್ತಿಗೆ ಮಳೆಯೂ ಶುರು. ಸೆಪ್ಟೆಂಬರ್‌ವರೆಗೆ ಕಟ್ಟಡದ ಕೆಲಸ ಮುಂದೆ ಸಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಮೀನುಗಾರ ಮಹಿಳೆಯರಿಗೆ ತರಬೇತಿ ಕೊಡುವುದಿದ್ದರೆ ಕೈ ಖಾಲಿ ಇರುವ ಆ ಎರಡು ತಿಂಗಳೇ ಸೂಕ್ತ. ಡಿಸೆಂಬರ್‌ನಲ್ಲಿ ಕರೆದರೆ ಬಂದರಿನ ದುಡಿಮೆ ಬಿಟ್ಟು ಯಾರೂ ಬರುವುದಿಲ್ಲ, ಬರಬೇಕೆಂದು ಬಯಸುವುದೂ ತಪ್ಪು.

ಫೆಬ್ರವರಿಯಲ್ಲಿ ಮಂಜೂರಾದ ಶೌಚಾಲಯವನ್ನು ಮಾರ್ಚ್‌ನೊಳಗೆ ಮುಗಿಸಿ ಎಂದರೆ ಅವಸರದ ಕೆಲಸವಾಗುತ್ತದೆ, ಇಲ್ಲವೇ ಬಿಲ್ಲು ಮಾತ್ರ ಮಾರ್ಚ್‌ನದ್ದಾಗುತ್ತದೆ. ಎರಡನೆಯದು ನೇರ ತಪ್ಪು, ಸಂಸ್ಥೆಯನ್ನು ಮುಳುಗಿಸುವಂಥ ತಪ್ಪು. ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷದವರೆಗೆ ನಡೆಯುವ ‘ಮುಂದುವರಿಯುವ ಯೋಜನೆ’ ಎಂದು ಮಂಡಳಿ ಅನುಮೋದಿಸಿದರೆ, ಉಳಿದ ಹಣವನ್ನು ಕಂಪನಿ ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ವರ್ಗಾಯಿಸಿ ಮುಂದಿನ ಮೂರು ವರ್ಷಗಳಲ್ಲಿ ಖರ್ಚು ಮಾಡಬಹುದು. ಪ್ರಸ್ತಾವ ಬರೆಯುವಾಗಲೇ ಮಳೆಗಾಲ, ಶಾಲಾವರ್ಷ, ಮೀನುಗಾರಿಕೆಯ ರಜೆಯನ್ನು ಗುರುತಿಸಿದ ವೇಳಾಪಟ್ಟಿ ಕೊಟ್ಟು, ಯೋಜನೆಯನ್ನು ಬಹುವಾರ್ಷಿಕವಾಗಿ ಪರಿಗಣಿಸಲು ಕೇಳಬೇಕು. ದೂರದ ಕಚೇರಿಗೆ ನಮ್ಮ ಆಷಾಢ ಗೊತ್ತಿರುವುದಿಲ್ಲ, ನಾವೇ ತಿಳಿಸಬೇಕು.

ಸಂಸ್ಥೆಯ ಕಡೆಗೂ ಮಾರ್ಚ್‌ನ ಹಣ ತೆರಿಗೆಯ ತೊಡಕು ತರುತ್ತದೆ. ಆದಾಯದ ಶೇ 85ನ್ನು ಅದೇ ವರ್ಷ ಉದ್ದೇಶಕ್ಕೆ ಬಳಸಬೇಕು. 28ನೇ ತಾರೀಕಿಗೆ ಬಂದ 20 ಲಕ್ಷವನ್ನು ಮೂರು ದಿನದಲ್ಲಿ ಬಳಸುವುದು ಆಗದ ಮಾತು. ನಿರ್ದಿಷ್ಟ ಉದ್ದೇಶಕ್ಕೆ ಕೂಡಿಡುತ್ತೇವೆ ಎಂದು ಗಡುವಿನೊಳಗೆ ಇಲಾಖೆಗೆ ತಿಳಿಸಿದರೆ ಗರಿಷ್ಠ ಐದು ವರ್ಷ ಇಟ್ಟುಕೊಳ್ಳಬಹುದು. ತಿಳಿಸಲು ಮರೆತರೆ ಮಕ್ಕಳಿಗಾಗಿ ಬಂದ ಹಣಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ.

ಕೊಲ್ಲಿಯ ನೆಂಟರು, ಅಮೆರಿಕದ ನೆಂಟರು

ವಿದೇಶದಿಂದ ಬರುವ ಹಣದ ಬಗ್ಗೆ ಇಲ್ಲಿ ಭಯ ಹೆಚ್ಚು, ಅರಿವು ಕಡಿಮೆ. ನಿಯಮದ ತಿರುಳು ಇರುವುದು ಪಾಸ್‌ಪೋರ್ಟ್‌ನಲ್ಲಿ. ದುಬೈಯಲ್ಲಿ ಮೂವತ್ತು ವರ್ಷ ದುಡಿದವರೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಹುಟ್ಟಿದ್ದು ಬ್ರಹ್ಮಾವರದಲ್ಲೇ ಆಗಿದ್ದರೂ, ಸಾಗರೋತ್ತರ ಭಾರತೀಯ ಕಾರ್ಡು ಹೊಂದಿದ್ದರೂ, ರಜೆಗೆ ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಪಡೆದರೆ ಅಪರಾಧ. ಆದ್ದರಿಂದ ಅನಿವಾಸಿ ದಾನಿಯ ಪಾಸ್‌ಪೋರ್ಟ್ ಪ್ರತಿಯನ್ನು ರಸೀದಿಯ ಜೊತೆ ಕಡತದಲ್ಲಿ ಇಟ್ಟುಕೊಳ್ಳಲೇಬೇಕು. ಕೇಳಲು ಸಂಕೋಚ ಬೇಡ.

ಈ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಪಡೆಯಬೇಕು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು, ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚಬಾರದು ಎಂಬ ನಿಷೇಧ. ನಗರದ ದೊಡ್ಡ ಸಂಸ್ಥೆ ಹಣ ತಂದು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚುತ್ತಿದ್ದ ಕೊಂಡಿ ಕತ್ತರಿಸಿಹೋಯಿತು. ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಈ ತಿದ್ದುಪಡಿಗಳನ್ನು ಎತ್ತಿಹಿಡಿದಿದೆ.

ಪ್ರಸ್ತಾವ ಬರೆಯುವ ಮುನ್ನ

ಚೆಂದದ ಭಾಷೆ ಅನುದಾನ ತರುತ್ತದೆ ಎಂಬ ನಂಬಿಕೆ ಬಿಡಬೇಕು. ಕಂಪನಿ ತನ್ನ ಸಿಎಸ್‌ಆರ್ ನೀತಿಯನ್ನೂ ಅನುಮೋದಿತ ಯೋಜನೆಗಳನ್ನೂ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಮೊದಲು ಅದನ್ನು ಓದಬೇಕು. ಯಾವ ಊರಿಗೆ, ಯಾವ ಕೆಲಸಕ್ಕೆ, ಎಷ್ಟು ಕೊಡುತ್ತಾರೆ ಎಂಬುದರ ಸುಳಿವು ಅಲ್ಲೇ ಸಿಗುತ್ತದೆ. 5 ಲಕ್ಷ ಕೊಡುವವರ ಬಳಿ 50 ಲಕ್ಷ ಕೇಳುವುದು ಇಬ್ಬರ ಸಮಯವೂ ವ್ಯರ್ಥ.

ಸಿಎಸ್‌ಆರ್‌ಗೆ ಅರ್ಹವಾದ ಕೆಲಸಗಳ ಪಟ್ಟಿ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ; ನಿಮ್ಮ ಕೆಲಸ ಅದರ ಯಾವ ಬಾಬಿಗೆ ಸೇರುತ್ತದೆ ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕು. ಉದಾಹರಣೆಗೆ ಯಕ್ಷಗಾನ. ಕಲೆ ಮತ್ತು ಪರಂಪರೆಯ ರಕ್ಷಣೆ ಅನುಸೂಚಿಯಲ್ಲಿದೆ. ಸರ್ಕಾರಿ ಶಾಲೆಗಳಲ್ಲಿ ವರ್ಷವಿಡೀ ನಡೆಯುವ ಹೆಜ್ಜೆಗಾರಿಕೆ ತರಬೇತಿಗೆ ಹಣ ಕೇಳಬಹುದು. ಒಂದು ರಾತ್ರಿಯ ಆಟಕ್ಕೆ ಪ್ರಾಯೋಜಕತ್ವ, ಸ್ಮರಣ ಸಂಚಿಕೆಗೆ ಜಾಹೀರಾತು, ಸನ್ಮಾನ ಸಮಾರಂಭ ಇವು ಸಿಎಸ್‌ಆರ್ ಆಗುವುದಿಲ್ಲ, ಬಿಡಿ ಕಾರ್ಯಕ್ರಮಗಳು ಲೆಕ್ಕಕ್ಕಿಲ್ಲ ಎಂದು 2014ರಲ್ಲೇ ಸಚಿವಾಲಯ ಹೇಳಿದೆ.

ಸಮಸ್ಯೆಯನ್ನು ವಿವರಿಸುವಾಗ ದೇಶದ ಅಂಕಿ ಬೇಡ, ನಿಮ್ಮ ಹಾಜರಿ ಪುಸ್ತಕದ ಅಂಕಿ ಬೇಕು. ‘ಗ್ರಾಮೀಣ ಭಾರತದಲ್ಲಿ ಅಂಗವಿಕಲ ಮಕ್ಕಳು ವಂಚಿತರಾಗಿದ್ದಾರೆ’ ಎಂಬ ವಾಕ್ಯ ಯಾವ ಊರಿನಿಂದಲೂ ಬರಬಹುದು. ‘ನಮ್ಮ ಮೂರು ಗ್ರಾಮಗಳಲ್ಲಿ ಮನೆಭೇಟಿ ಮಾಡಿದಾಗ ಇಷ್ಟು ಮಕ್ಕಳು ಸಿಕ್ಕರು, ಬಸ್ಸು ಇಲ್ಲದೆ ಇಷ್ಟು ಜನ ಕೇಂದ್ರಕ್ಕೆ ಬರುತ್ತಿಲ್ಲ, ವಾಹನ ಸಿಕ್ಕರೆ ಬರುತ್ತಾರೆ’ ಎಂಬುದನ್ನು ನೀವು ಮಾತ್ರ ಬರೆಯಬಲ್ಲಿರಿ. ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಬಾಧಿತ ಕುಟುಂಬಗಳಿರುವ ಈ ಕರಾವಳಿಯಲ್ಲಿ ಇಂಥ ಪಟ್ಟಿಯ ಬೆಲೆ ಹೊರಗಿನವರಿಗೆ ತಿಳಿಯುವಂತೆ ಬರೆಯುವುದು ಒಂದು ಕರ್ತವ್ಯ.

ಶೇಕಡಾವಾರು ಕಮಿಷನ್‌ಗೆ ಪ್ರಸ್ತಾವ ಬರೆದುಕೊಡುವ ಮಧ್ಯವರ್ತಿಗಳಿಂದ ದೂರ ಇರಬೇಕು. ಕಮಿಷನ್ ಕೊಡಲು ಯಾವ ಬಜೆಟ್‌ನಲ್ಲೂ ಸಾಲಿಲ್ಲ, ಕೊಟ್ಟರೆ ಸುಳ್ಳು ಬಿಲ್ಲು ಹುಟ್ಟುತ್ತದೆ. ನೆರವು ಬೇಕಾದರೆ ಕೆಲಸಕ್ಕೆ ನಿಗದಿತ ಸಂಭಾವನೆ ಕೊಟ್ಟು ಪಡೆಯಬಹುದು.

ಹಣ ಬಂದ ಮೇಲೆ ಮಾಡಬೇಕಾದದ್ದು ಕಡಿಮೆ ಆದರೂ ಕಟ್ಟುನಿಟ್ಟು. ಪ್ರತಿ ಅನುದಾನಕ್ಕೆ ಪ್ರತ್ಯೇಕ ಖಾತೆಪುಟ, ಪ್ರತಿ ಬಿಲ್ಲಿನ ಮೇಲೆ ಯೋಜನೆಯ ಮುದ್ರೆ. ಒಂದು ಬಾಬಿನ ಹಣವನ್ನು ಇನ್ನೊಂದಕ್ಕೆ ಬಳಸುವ ಮೊದಲು ಲಿಖಿತ ಒಪ್ಪಿಗೆ. ಸರ್ಕಾರಿ ಅನುದಾನವಾದರೆ ಅದರ ಮೇಲಿನ ಬಡ್ಡಿಯೂ ಸರ್ಕಾರದ್ದೇ. ಕೇಂದ್ರದ ನಿಯಮದಂತೆ ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಬಳಕೆ ಪ್ರಮಾಣಪತ್ರ ಕೊಡಬೇಕು.

ಮುಂದೇನಾಗಬಹುದು

ಈಗಿನ ಗತಿ ಮುಂದುವರಿದರೆ ಹಣ ದೊಡ್ಡ ಸಂಸ್ಥೆಗಳತ್ತ, ಕಂಪನಿಗಳು ತಾವೇ ಕಟ್ಟಿಕೊಂಡ ಪ್ರತಿಷ್ಠಾನಗಳತ್ತ ಹರಿಯುತ್ತದೆ. ಸಣ್ಣ ಸಂಘಗಳು ಅವರ ಕೆಲಸ ಮಾಡಿಕೊಡುವ ಗುತ್ತಿಗೆದಾರರಾಗುತ್ತವೆ. ಊರಿನ ಅಗತ್ಯ ಏನೆಂದು ಊರವರು ಹೇಳುವ ಬದಲು, ಮಂಜೂರಾದ ಯೋಜನೆಗೆ ಊರನ್ನು ಹುಡುಕುವುದು ನಡೆಯುತ್ತದೆ. ಸೇವಾಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಕೂಡಿಸುವ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ನಂತಹ ಹೊಸ ದಾರಿ 2023ರಿಂದ ತೆರೆದಿದೆ. ಆದರೆ ಕನಿಷ್ಠ ಸಂಗ್ರಹದ ಗಾತ್ರವನ್ನು 1 ಕೋಟಿಯಿಂದ 50 ಲಕ್ಷಕ್ಕೆ ಇಳಿಸಿದ ಮೇಲೂ ಅದು ಗ್ರಾಮಮಟ್ಟದ ಸಂಘಕ್ಕೆ ನಿಲುಕುವಂಥದ್ದಲ್ಲ.

ಇದನ್ನು ತಡೆಯಲು ಒಂದು ಸಾಧ್ಯತೆ ಈ ಜಿಲ್ಲೆಗಳಲ್ಲಿ ಉಳಿದೆಡೆಗಿಂತ ಹೆಚ್ಚಾಗಿದೆ. ವಾಣಿಜ್ಯ ಪದವೀಧರರು, ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕಪರಿಶೋಧಕರು ಇಲ್ಲಿ ಹೇರಳವಾಗಿದ್ದಾರೆ. ಹತ್ತು ಸಣ್ಣ ಸಂಸ್ಥೆಗಳು ಸೇರಿ ಒಬ್ಬ ಪೂರ್ಣಾವಧಿ ಲೆಕ್ಕಿಗರನ್ನು ಇಟ್ಟುಕೊಂಡರೆ ಮೇಲಿನ ಉದಾಹರಣೆಯ 1.2 ಲಕ್ಷದ ಹೊರೆ ಗಣನೀಯವಾಗಿ ತಗ್ಗುತ್ತದೆ. ಅವರ ವೇತನಕ್ಕೆ ಸ್ಥಳೀಯ ದಾನಿಗಳು ಮೂರು ವರ್ಷ ಹೊಣೆ ಹೊರಬಹುದು. ಕಟ್ಟಡದ ಗೋಡೆಯ ಮೇಲೆ ಹೆಸರಿನ ಕಲ್ಲು ಸಿಗುವಂತೆ ಲೆಕ್ಕಪುಸ್ತಕಕ್ಕೆ ಸಿಗದು ಎಂಬುದೊಂದೇ ಅಡ್ಡಿ. ಅದನ್ನು ದಾನಿಗಳ ಮುಂದೆ ಬಾಯಿಬಿಟ್ಟು ಹೇಳಬೇಕಾಗಿದೆ.

ಗಡುವು ತಪ್ಪಿದವರು

ನವೀಕರಣದ ಅರ್ಜಿಯನ್ನೇ ಹಾಕದ ಸಂಸ್ಥೆಗೆ ವಿನಾಯಿತಿ ಹೋಗುವುದಷ್ಟೇ ಅಪಾಯವಲ್ಲ. ಗಡುವಿನೊಳಗೆ ಅರ್ಜಿ ಸಲ್ಲಿಸದಿರುವುದನ್ನು ಸೇವಾಸಂಸ್ಥೆಯ ಸ್ವರೂಪವನ್ನೇ ತೊರೆದಂತೆ ಪರಿಗಣಿಸಲು 2023ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆಗ ಆಸ್ತಿಯ ಮಾರುಕಟ್ಟೆ ಮೌಲ್ಯದಲ್ಲಿ ಸಾಲ ಕಳೆದು ಉಳಿದದ್ದರ ಮೇಲೆ ಗರಿಷ್ಠ ದರದಲ್ಲಿ ತೆರಿಗೆ ಬೀಳುತ್ತದೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹತ್ತು ಸೆಂಟ್ಸ್ ಜಾಗ ಕದ್ರಿಯಲ್ಲೋ ಮಣಿಪಾಲದಲ್ಲೋ ಇದ್ದರೆ, ಖಾತೆಯಲ್ಲಿ ಹಣವಿಲ್ಲದ ಸಂಸ್ಥೆಗೂ ಕಟ್ಟಲಾಗದ ಮೊತ್ತ ಅದು.

ದಾರಿ ಮುಚ್ಚಿಲ್ಲ. ಸಕಾರಣ ಇದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವನ್ನು 2024ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಆಯುಕ್ತರಿಗೆ ಕೊಡಲಾಗಿದೆ. ಕರ್ನಾಟಕದ ಸಂಸ್ಥೆಗಳ ವಿನಾಯಿತಿ ವ್ಯವಹಾರ ನೋಡುವ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿದೆ. ಅರ್ಜಿ, ದಾಖಲೆ, ನೋಟಿಸು ಎಲ್ಲವೂ ಆದಾಯ ತೆರಿಗೆ ಇಲಾಖೆಯ ಪೋರ್ಟಲ್ ಮೂಲಕವೇ. ಟ್ರಸ್ಟ್ ಪತ್ರ ಅಥವಾ ಸಂಘದ ಉಪವಿಧಿ, ಮೂರು ವರ್ಷದ ಲೆಕ್ಕಪತ್ರ, ಚಟುವಟಿಕೆಯ ವರದಿ, ತಡವಾದದ್ದಕ್ಕೆ ಕಾರಣ ತೋರುವ ದಾಖಲೆ ಇವನ್ನು ಜೋಡಿಸಿ ಕೂಡಲೇ ಸಲ್ಲಿಸಬೇಕು. ಸಲ್ಲಿಸಿದ ಮೇಲೆ ಬರುವ ನೋಟಿಸಿಗೆ ಉತ್ತರ ಕೊಡದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಆ ನೋಟಿಸು ಹೋಗುವುದು ಪೋರ್ಟಲ್‌ನಲ್ಲಿ ನಮೂದಾಗಿರುವ ಇಮೇಲ್ ಮತ್ತು ಮೊಬೈಲ್‌ಗೆ. ಅನೇಕ ಸಂಘಗಳಲ್ಲಿ ಅದು ಎರಡು ಅವಧಿ ಹಿಂದಿನ ಕೋಶಾಧಿಕಾರಿಯದ್ದೋ, ಈಗ ಸಂಪರ್ಕದಲ್ಲಿಲ್ಲದ ಲೆಕ್ಕಪರಿಶೋಧಕರದ್ದೋ ಆಗಿರುತ್ತದೆ. ಮುಂದಿನ ಮಹಾಸಭೆಯವರೆಗೆ ಕಾಯದೆ ಈ ವಾರವೇ ಪೋರ್ಟಲ್ ತೆರೆದು, ಅಲ್ಲಿರುವ ವಿಳಾಸ ಯಾರದೆಂದು ನೋಡಿ ಬದಲಾಯಿಸಬೇಕು.